ನಗಿಸಿದ ಮುಖಕ್ಕೆ ಖಾಕಿ ತೊಡಿಸುವಾಗ

ಪ್ರಶ್ನೆ: ನನ್ನ ಮೊದಲ ಚಿತ್ರದ ಚಿತ್ರಕಥೆ ಸಿದ್ಧವಾಗಿದೆ. ಸಣ್ಣ ಊರಿನ ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಒಬ್ಬನ ಕಥೆ. ಹೊಡೆದಾಟದ ದೃಶ್ಯಗಳೂ ಇವೆ. ಆ ಪಾತ್ರವನ್ನು ಹಾಸ್ಯಕ್ಕೇ ಹೆಸರಾದ ನಟರೊಬ್ಬರಿಂದ ಮಾಡಿಸಬೇಕೆಂಬುದು ನನ್ನ ಆಸೆ. ‘ಅವರು ಪೊಲೀಸ್ ಟೋಪಿ ಹಾಕಿಕೊಂಡು ಬಂದ ಕೂಡಲೇ ಜನ ನಗುತ್ತಾರೆ’ ಎಂದು ನಿರ್ಮಾಪಕರು ಹಿಂಜರಿಯುತ್ತಿದ್ದಾರೆ. ತಮಿಳಿನ ‘ವಿಡುದಲೈ’ಯಲ್ಲಿ ಸೂರಿಯವರನ್ನು ನೋಡುವಾಗ ನನಗೆ ಅವರ ಹಳೆಯ ಹಾಸ್ಯ ನೆನಪಾಗಲೇ ಇಲ್ಲ. ತೆಲುಗಿನ ‘ಉಗ್ರಂ’ನಲ್ಲಿ ಹಾಸ್ಯನಟ ಅಲ್ಲರಿ ನರೇಶ್ ಅಷ್ಟು ಶ್ರಮಪಟ್ಟಿದ್ದರೂ ಪಾತ್ರ ಮನಸ್ಸಿಗೆ ಇಳಿಯಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನು? ನಾನು ಯಾವುದರ ಬಗ್ಗೆ ಎಚ್ಚರ ವಹಿಸಬೇಕು?

ಉತ್ತರ: ನಿಮ್ಮ ನಿರ್ಮಾಪಕರ ಭಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಭಯ ನಿಜವಾದದ್ದನ್ನು ಕಣ್ಣಾರೆ ಕಂಡವರಲ್ಲಿ ಜಪಾನಿನ ತಕೇಶಿ ಕಿತಾನೊ ಒಬ್ಬರು. ‘ಬೀಟ್ ತಕೇಶಿ’ ಎಂಬ ಹೆಸರಿನಲ್ಲಿ, ಇಬ್ಬರು ನಿಂತು ಮಾತಿಗೆ ಮಾತು ಕೊಟ್ಟು ನಗಿಸುವ ಮಂಜಾಯ್ ಎಂಬ ಪ್ರಕಾರದ ಮೂಲಕ ಅವರು ಇಡೀ ದೇಶಕ್ಕೆ ಪರಿಚಿತರಾಗಿದ್ದರು. 1983ರಲ್ಲಿ ನಾಗಿಸಾ ಓಶಿಮಾ ಅವರ ‘ಮೆರಿ ಕ್ರಿಸ್‌ಮಸ್, ಮಿಸ್ಟರ್ ಲಾರೆನ್ಸ್’ ಚಿತ್ರದಲ್ಲಿ ಯುದ್ಧಕೈದಿಗಳ ಶಿಬಿರದ ಕ್ರೂರ ಸಾರ್ಜೆಂಟ್ ಪಾತ್ರವನ್ನು ಮಾಡಿದರು. ಚಿತ್ರಮಂದಿರಕ್ಕೆ ಹೋಗಿ ಪ್ರೇಕ್ಷಕರ ನಡುವೆ ಕುಳಿತು ನೋಡಿದಾಗ, ತಾವು ತೆರೆಯ ಮೇಲೆ ಕಾಣಿಸಿಕೊಂಡ ಕೂಡಲೇ ಜನ ಗೊಳ್ಳೆಂದು ನಕ್ಕುಬಿಟ್ಟರೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅಲ್ಲಿಂದಾಚೆಗೆ ಅವರು ಬೇಕೆಂದೇ ಕರಾಳ ಪಾತ್ರಗಳನ್ನು ಆರಿಸಿಕೊಂಡರು. ಆರು ವರ್ಷಗಳ ನಂತರ ಪೊಲೀಸ್ ಪತ್ತೇದಾರನೊಬ್ಬನ ಪಾತ್ರದಲ್ಲಿ ಅದೇ ಮುಖ ತೆರೆಯ ಮೇಲೆ ಬಂದಾಗ ನಗುವುದು ಕಷ್ಟವಾಗಿತ್ತು. ಆ ಚಿತ್ರದ ಮಾತಿಗೆ ಮುಂದೆ ಬರುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಸ್ಯನಟನಿಂದ ಹಾಸ್ಯವನ್ನು ಕಿತ್ತುಹಾಕಿ, ಆ ಖಾಲಿ ಜಾಗಕ್ಕೆ ಗಾಂಭೀರ್ಯವನ್ನು ತುಂಬಲು ಹೊರಟ ಚಿತ್ರಗಳಲ್ಲಿ ನಟ ಅಪರಿಚಿತನಾಗುತ್ತಾನೆ. ಯಾವ ಗುಣದಿಂದ ಆತ ನಮ್ಮನ್ನು ನಗಿಸುತ್ತಿದ್ದನೋ ಆ ಗುಣವನ್ನೇ ಉಳಿಸಿಕೊಂಡು, ಆ ಗುಣಕ್ಕೆ ಅವನು ತೆರಬೇಕಾದ ಬೆಲೆಯನ್ನು ಮಾತ್ರ ಬದಲಿಸಿದ ಚಿತ್ರಗಳಲ್ಲಿ ಪ್ರೇಕ್ಷಕರು ಅವನ ಹಿಂದೆ ಹೋಗುತ್ತಾರೆ. ನೀವು ಹೆಸರಿಸಿದ ಎರಡು ಚಿತ್ರಗಳ ನಡುವಿನ ವ್ಯತ್ಯಾಸವನ್ನು ನಾನು ಕಾಣುವುದು ಇಲ್ಲಿಯೇ.

ಸೂರಿಯವರನ್ನೇ ನೋಡೋಣ. ಸಣ್ಣಪುಟ್ಟ ಪಾತ್ರಗಳಲ್ಲಿ ವರ್ಷಗಳನ್ನು ಕಳೆದ ಅವರಿಗೆ ಹೆಸರು ತಂದದ್ದು ಸುಸೀಂದ್ರನ್ ನಿರ್ದೇಶನದ ‘ವೆಣ್ಣಿಲಾ ಕಬಡಿ ಕುಳು’ (2009) ಚಿತ್ರದ ಪರೋಟಾ ಪಂದ್ಯದ ದೃಶ್ಯ. ಅದರಿಂದಲೇ ‘ಪರೋಟಾ ಸೂರಿ’ ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಐವತ್ತು ಪರೋಟಾ ತಿನ್ನುವ ಪಂದ್ಯ ಅದು. ಅಂಗಡಿಯವರು ಗೆರೆ ಎಳೆದು ಲೆಕ್ಕ ಇಡುತ್ತಾರೆ. ಲೆಕ್ಕದಲ್ಲಿ ಮೋಸ ಮಾಡುತ್ತಾರೆ. ಆಗ ಈತ, ಗೆರೆಗಳನ್ನೆಲ್ಲ ಅಳಿಸಿಬಿಡಿ, ನಾನು ಮೊದಲಿನಿಂದ ತಿನ್ನುತ್ತೇನೆ ಎನ್ನುತ್ತಾನೆ. ಈ ದೃಶ್ಯವನ್ನು ಧ್ವನಿ ಕಡಿಮೆ ಮಾಡಿ ಇನ್ನೊಮ್ಮೆ ನೋಡಿ. ಸೂರಿ ಅಲ್ಲಿ ನಗಿಸಲು ಏನನ್ನೂ ಮಾಡುತ್ತಿಲ್ಲ. ತನಗೆ ಅನ್ಯಾಯವಾಗಿದೆ ಎಂದು ಆ ಮನುಷ್ಯ ಪೂರ್ತಿಯಾಗಿ ನಂಬಿದ್ದಾನೆ, ಲೆಕ್ಕ ಸರಿಹೋಗಲೇಬೇಕೆಂದು ಹಠ ಹಿಡಿದಿದ್ದಾನೆ, ಆ ಹಠಕ್ಕಾಗಿ ಹೊಟ್ಟೆಯನ್ನು ಒತ್ತೆ ಇಡಲು ಸಿದ್ಧನಿದ್ದಾನೆ. ವಿಷಯ ಪರೋಟಾ ಆಗಿರುವುದರಿಂದ ನಮಗೆ ನಗು ಬರುತ್ತದೆ.

ಈಗ ‘ವಿಡುದಲೈ’ಯ ಮೊದಲ ಭಾಗಕ್ಕೆ ಬನ್ನಿ. ವೆಟ್ರಿಮಾರನ್ ನಿರ್ದೇಶನದ ಈ ಚಿತ್ರ 2023ರ ಮಾರ್ಚ್ 31ರಂದು ತೆರೆಕಂಡಿತು; ಜಯಮೋಹನ್ ಅವರ ‘ತುಣೈವನ್’ ಕಥೆ ಅದಕ್ಕೆ ಆಧಾರ. ಎಂಬತ್ತರ ದಶಕದ ಒಂದು ಬೆಟ್ಟದ ಸೀಮೆಗೆ, ಬಂಡುಕೋರರನ್ನು ಹಿಡಿಯಲು ಹೂಡಿದ ಪೊಲೀಸ್ ಶಿಬಿರಕ್ಕೆ, ಕುಮರೇಶನ್ ಎಂಬ ಪೇದೆ ಹೊಸದಾಗಿ ಬರುತ್ತಾನೆ. ಅವನ ಕೆಲಸ ಜೀಪು ಓಡಿಸುವುದು, ಕಾವಲಿನವರಿಗೆ ಊಟ ತಲುಪಿಸುವುದು. ಕಾಡುಪ್ರಾಣಿಯ ದಾಳಿಗೆ ಸಿಕ್ಕ ಹೆಂಗಸೊಬ್ಬಳನ್ನು ಆತ ಇಲಾಖೆಯ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸುತ್ತಾನೆ. ಶಿಬಿರದ ಅಧಿಕಾರಿಗೆ ಅದು ಆಜ್ಞೆ ಮೀರಿದ ಅಪರಾಧ. ಕ್ಷಮೆ ಕೇಳು ಎನ್ನುತ್ತಾನೆ. ತಪ್ಪು ಮಾಡದೆ ಕ್ಷಮೆ ಹೇಗೆ ಕೇಳಲಿ ಎಂಬುದು ಕುಮರೇಶನ್‌ನ ನಿಲುವು. ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿದ್ದ ವಿಷಯಕ್ಕಾಗಿ ದಿನಗಟ್ಟಲೆ ಮೈ ಮುರಿಯುವ ಶಿಕ್ಷೆಗಳನ್ನು ಅನುಭವಿಸುತ್ತಾನೆ.

ಗೆರೆ ಅಳಿಸಿ ಮೊದಲಿನಿಂದ ತಿನ್ನುತ್ತೇನೆ ಎಂದವನೂ, ತಪ್ಪಿಲ್ಲದೆ ಕ್ಷಮೆ ಕೇಳುವುದಿಲ್ಲ ಎಂದವನೂ ಸ್ವಭಾವದಲ್ಲಿ ಒಬ್ಬನೇ ಮನುಷ್ಯ. ಅದೇ ಮುಗ್ಧ ಹಠ, ಅದೇ ನ್ಯಾಯದ ಲೆಕ್ಕ. ಮೊದಲನೆಯದರಲ್ಲಿ ಕಳೆದುಕೊಳ್ಳುವುದು ಪಂದ್ಯವನ್ನು, ಎರಡನೆಯದರಲ್ಲಿ ಮನುಷ್ಯನ ಘನತೆಯನ್ನು. ವೆಟ್ರಿಮಾರನ್ ಸೂರಿಯವರಲ್ಲಿ ಹೊಸ ನಟನೊಬ್ಬನನ್ನು ಹುಡುಕಲು ಹೋಗಲಿಲ್ಲ. ಇದ್ದ ನಟನನ್ನೇ ಅವರು ಸರಿಯಾಗಿ ನೋಡಿದರು. ಇದನ್ನು ನಾನು ಬಹಳ ದೊಡ್ಡ ನಿರ್ದೇಶನದ ಕೆಲಸವೆಂದು ಭಾವಿಸುತ್ತೇನೆ. ‘ಸೀಮರಾಜ’ (2018) ಚಿತ್ರಕ್ಕಾಗಿ ಸೂರಿ ಸಿಕ್ಸ್‌ಪ್ಯಾಕ್ ಬೆಳೆಸಿ ತೋರಿಸಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. ಆ ಮೈಕಟ್ಟಿನಿಂದ ಅವರ ಬಗ್ಗೆ ನಮ್ಮ ಭಾವನೆ ಬದಲಾಗಲಿಲ್ಲ.

ಇನ್ನೊಂದು ಸಂಗತಿ ಪಾತ್ರದ ದರ್ಜೆಗೆ ಸಂಬಂಧಿಸಿದ್ದು. ನಮ್ಮ ಕನ್ನಡದ ಪ್ರೇಕ್ಷಕರ ಮನಸ್ಸಿನಲ್ಲಿ ಪೊಲೀಸ್ ನಾಯಕನ ರೂಪವನ್ನು ಕಟ್ಟಿದ್ದು ಶಂಕರ್‌ನಾಗ್ ಅವರ ‘ಸಾಂಗ್ಲಿಯಾನ’ (1988), ಸಾಯಿಕುಮಾರ್ ಅವರ ‘ಪೊಲೀಸ್ ಸ್ಟೋರಿ’ (1996)ಯಂಥ ಚಿತ್ರಗಳು. ಅಲ್ಲಿ ಅಧಿಕಾರಿ ಬಂದರೆ ಜಾಗವೇ ಅವನದಾಗುತ್ತದೆ. ಧ್ವನಿಯಿಂದಲೇ ಅರ್ಧ ಯುದ್ಧ ಗೆಲ್ಲುತ್ತಾನೆ. ಅದೇ ಪರಂಪರೆಯಲ್ಲಿ ಪೇದೆಗೆ ಸಿಕ್ಕ ಕೆಲಸ ಬೇರೆ. ಹೊಟ್ಟೆ ಬಿಟ್ಟುಕೊಂಡು, ಲಾಠಿ ಜಾರಿಸಿಕೊಂಡು, ಸಾಹೇಬರಿಂದ ಬೈಸಿಕೊಂಡು ನಗಿಸುವುದು ಅವನ ಪಾಲು. ಹಾಗಾಗಿ ಹಾಸ್ಯನಟನಿಗೆ ಪೇದೆಯ ಖಾಕಿ ತೊಡಿಸುವುದು ಎರಡು ಪಟ್ಟು ಅಪಾಯದ ಕೆಲಸ. ‘ವಿಡುದಲೈ’ ಆ ಅಪಾಯಕ್ಕೆ ನೇರವಾಗಿ ಎದುರಾಗುತ್ತದೆ. ನಾವು ನಗುತ್ತಾ ಬಂದ ಅದೇ ಕೆಳದರ್ಜೆಯವನನ್ನು, ಬೈಸಿಕೊಳ್ಳುವವನನ್ನು, ತಿರುಗಿ ಮಾತನಾಡಲಾಗದವನನ್ನು ಅದು ಮಧ್ಯಕ್ಕೆ ತಂದು ನಿಲ್ಲಿಸಿ, ಅವನ ಕಣ್ಣಿನಿಂದ ಶಿಬಿರದ ಒಳಗನ್ನು ತೋರಿಸುತ್ತದೆ. ಚಿತ್ರ ಕಾಲ್ಪನಿಕವೇ ಆದರೂ, 1992ರಲ್ಲಿ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ವಾಚಾತ್ತಿಯಲ್ಲಿ ಅರಣ್ಯ, ಪೊಲೀಸ್ ಸಿಬ್ಬಂದಿ ಬುಡಕಟ್ಟಿನ ಹಳ್ಳಿಗರ ಮೇಲೆ ನಡೆಸಿದ ದೌರ್ಜನ್ಯವನ್ನು ಬಲ್ಲವರಿಗೆ, ವೀರಪ್ಪನ್ ಕಾರ್ಯಾಚರಣೆಯ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗರು ಮಾಡಿದ ದೂರುಗಳನ್ನು ಓದಿರುವ ಕನ್ನಡಿಗರಿಗೆ, ಆ ದೃಶ್ಯಗಳು ಎಲ್ಲಿಂದ ಬಂದವೆಂದು ಯಾರೂ ವಿವರಿಸಬೇಕಾಗಿಲ್ಲ. ಇಂಥ ಕಡೆ ಅಬ್ಬರಿಸುವ ಅಧಿಕಾರಿ ನಾಯಕನಾಗಿದ್ದರೆ ಕಥೆ ಸುಳ್ಳಾಗುತ್ತಿತ್ತು. ಕೈಲಾಗದೆ ನೋಡುತ್ತ ನಿಂತವನೇ ಅದಕ್ಕೆ ಬೇಕಾಗಿತ್ತು. ಕೈಲಾಗದವನನ್ನು ಅಭಿನಯಿಸುವುದರಲ್ಲಿ ಹಾಸ್ಯನಟರಿಗೆ ಇರುವಷ್ಟು ಅನುಭವ ನಾಯಕನಟರಿಗೆ ಇರುವುದಿಲ್ಲ, ಏಕೆಂದರೆ ನಗೆಯ ಪಾತ್ರಗಳೆಲ್ಲ ಏಟು ತಿನ್ನುವವನ, ಸೋಲುವವನ, ಸಿಕ್ಕಿಬೀಳುವವನ ಪಾತ್ರಗಳೇ.

ಆರಂಭವನ್ನು ಕಟ್ಟಿರುವ ಬಗೆಯನ್ನೂ ಗಮನಿಸಿ. ಚಿತ್ರ ತೆರೆದುಕೊಳ್ಳುವುದು ರೈಲು ಅಪಘಾತದ ದೃಶ್ಯದಿಂದ. ಛಾಯಾಗ್ರಾಹಕ ಆರ್. ವೇಲ್‌ರಾಜ್ ಅವರ ಕ್ಯಾಮೆರಾ ನಿಮಿಷಗಟ್ಟಲೆ ಕಟ್ ಕಾಣದಂತೆ ಉರುಳಿದ ಬೋಗಿಗಳ ನಡುವೆ, ಹೆಣಗಳ ನಡುವೆ, ಕೂಗಾಟದ ನಡುವೆ ಸಾಗುತ್ತದೆ. ಅಲ್ಲಿ ಸೂರಿ ಇಲ್ಲ. ಅವರು ತೆರೆಗೆ ಬರುವ ಹೊತ್ತಿಗೆ ಈ ಲೋಕದಲ್ಲಿ ಏನು ನಡೆಯಬಲ್ಲದು ಎಂಬುದು ನಮಗೆ ಗೊತ್ತಾಗಿರುತ್ತದೆ, ನಗುವ ಮನಃಸ್ಥಿತಿ ಉಳಿದಿರುವುದಿಲ್ಲ. ಬಂದ ಮೇಲೂ ಅವರಿಗೆ ಬಿಲ್ಡಪ್ ಇಲ್ಲ. ತಾಯಿಗೆ ಬರೆಯುವ ಪತ್ರದ ಧಾಟಿಯಲ್ಲಿ ಅವರ ಧ್ವನಿ ಕಥೆಯನ್ನು ಹೇಳುತ್ತದೆ. ತಾಯಿಗೆ ಪತ್ರ ಬರೆಯುವ ಮಗನ ಮಾತಿನಲ್ಲಿ ಪಂಚ್ ಡೈಲಾಗಿಗೆ ಜಾಗವೆಲ್ಲಿ?

ಇನ್ನು ‘ಉಗ್ರಂ’. ಶ್ರೀಮುರಳಿಯವರ ಕನ್ನಡ ಚಿತ್ರವನ್ನು ನೆನೆಯುವವರಿಗಾಗಿ ಹೇಳುವುದಾದರೆ, ಇದು ವಿಜಯ್ ಕನಕಮೇಡಲ ನಿರ್ದೇಶನದ, 2023ರ ಮೇ ತಿಂಗಳಲ್ಲಿ ಬಂದ ತೆಲುಗು ಚಿತ್ರ. ಕಾಣೆಯಾದವರ ಪ್ರಕರಣಗಳ ಸುತ್ತ ಹೆಣೆದ ಕಥೆಯಲ್ಲಿ ನರೇಶ್ ಸರ್ಕಲ್ ಇನ್‌ಸ್ಪೆಕ್ಟರ್ ಆಗಿದ್ದಾರೆ. ನಟನ ಶ್ರದ್ಧೆಯಲ್ಲಿ ನನಗೆ ಕೊರತೆ ಕಾಣಲಿಲ್ಲ. ಮೈ, ನಡಿಗೆ, ನೋಟ ಎಲ್ಲವನ್ನೂ ಅವರು ಬದಲಿಸಿಕೊಂಡಿದ್ದಾರೆ. ಆದರೆ ಚಿತ್ರ ಅವರಿಗೆ ಕೊಟ್ಟಿರುವುದು ಬೇರೆ ಯಾವ ಮಾಸ್ ನಾಯಕನಿಗೂ ಕೊಡಬಹುದಾಗಿದ್ದ ಪಾತ್ರವನ್ನು. ಸಿಟ್ಟು, ಗರ್ಜನೆ, ನಿಧಾನಗತಿಯ ನಡಿಗೆ, ಒಬ್ಬನ ಮೇಲೆ ಹತ್ತು ಮಂದಿ. ನರೇಶ್ ಇದನ್ನು ಮಾಡಬಲ್ಲರು ಎಂದು ಸಾಬೀತಾಯಿತು. ನರೇಶ್ ಮಾತ್ರವೇ ಮಾಡಬಲ್ಲದ್ದು ಏನೆಂಬುದು ಕಾಣಲಿಲ್ಲ. ಅದನ್ನು ಕಾಣಬೇಕಾದರೆ ಹಿಂದಕ್ಕೆ ಹೋಗಬೇಕು. ಕ್ರಿಶ್ ನಿರ್ದೇಶನದ ‘ಗಮ್ಯಂ’ (2008) ಚಿತ್ರದಲ್ಲಿ ಅವರು ಗಾಲಿ ಸೀನು ಎಂಬ ಬಾಯಿಬಡುಕ ಕಳ್ಳನಾಗಿ ಚಿತ್ರದುದ್ದಕ್ಕೂ ನಗಿಸುತ್ತಾರೆ. ಆ ಸೀನು ಸತ್ತಾಗ ಪ್ರೇಕ್ಷಕನ ಎದೆ ಒಡೆಯುವುದು ಆವರೆಗೆ ನಕ್ಕದ್ದರಿಂದಲೇ. ಇದೇ ವಿಜಯ್ ಕನಕಮೇಡಲ ಅವರ ಹಿಂದಿನ ಚಿತ್ರ ‘ನಾಂದಿ’ (2021)ಯಲ್ಲಿ ನರೇಶ್ ಸುಳ್ಳು ಕೊಲೆ ಪ್ರಕರಣದಲ್ಲಿ ಸಿಕ್ಕಿ ಪೊಲೀಸರ ಕೈಯಲ್ಲಿ ನಲುಗುವ ವಿಚಾರಣಾಧೀನ ಕೈದಿ. ಏನು ನಡೆಯುತ್ತಿದೆ ಎಂದೇ ತಿಳಿಯದೆ ಬೆಪ್ಪಾಗಿ ನೋಡುವ ನೋಟ ಅವರ ಹಾಸ್ಯ ಚಿತ್ರಗಳಲ್ಲಿ ನೂರು ಸಲ ಬಂದದ್ದೇ. ಲಾಕಪ್ಪಿನೊಳಗೆ ಆ ನೋಟ ನೋಡುವವರ ಹೊಟ್ಟೆಯಲ್ಲಿ ಸಂಕಟ ಹುಟ್ಟಿಸುತ್ತದೆ. ನಿರ್ದೇಶಕರೂ ನಟರೂ ಅವರೇ, ಎರಡು ಚಿತ್ರಗಳ ನಡುವಿನ ಅಂತರ ಎರಡೇ ವರ್ಷ; ಲಾಠಿ ಏಟು ತಿಂದವನನ್ನು ನಾವು ನಂಬಿದೆವು, ಲಾಠಿ ಬೀಸಿದವನ ಬಗ್ಗೆ ಅನುಮಾನಪಟ್ಟೆವು.

ಹಾಗಾದರೆ ಹಾಸ್ಯನಟ ಲಾಠಿ ಹಿಡಿಯುವಂತೆಯೇ ಇಲ್ಲವೇ ಎಂದು ನೀವು ಕೇಳಬಹುದು. ನಿಮ್ಮ ನಾಯಕ ಪೇದೆಯಲ್ಲ, ಎಸ್‌ಐ, ಹೊಡೆಯುವವನು. ಈ ಪ್ರಶ್ನೆಗೆ ಉತ್ತರ ಕಿತಾನೊ ಅವರ 1989ರ ‘ವಯೊಲೆಂಟ್ ಕಾಪ್’ ಚಿತ್ರದಲ್ಲಿದೆ. ಕಿಂಜಿ ಫುಕಾಸಾಕು ನಿರ್ದೇಶಿಸಬೇಕಾಗಿದ್ದ ಚಿತ್ರ ಅದು. ಅವರು ಹಿಂದೆ ಸರಿದಾಗ ಕಿತಾನೊ ತಾವೇ ನಿರ್ದೇಶನಕ್ಕಿಳಿದು, ಚಿತ್ರಕಥೆಯನ್ನೂ ತಿದ್ದಿ ಬರೆದರು. ಆರಂಭದಲ್ಲಿ ಹುಡುಗರ ಗುಂಪೊಂದು ಮನೆಯಿಲ್ಲದ ಮುದುಕನೊಬ್ಬನನ್ನು ಬಡಿಯುತ್ತದೆ. ಪತ್ತೇದಾರ ಅಜುಮಾ ಅವರಲ್ಲೊಬ್ಬನ ಮನೆಯವರೆಗೆ ಹೋಗಿ, ಒಳನುಗ್ಗಿ, ಹುಡುಗನಿಗೆ ಬಾರಿಸಿ, ನಾಳೆ ಬಂದು ತಪ್ಪೊಪ್ಪಿಕೋ ಎಂದು ಹೇಳಿ ಹೊರಡುತ್ತಾನೆ. ಮುಖದಲ್ಲಿ ಸಿಟ್ಟಿಲ್ಲ, ಗೆದ್ದ ಸಂತೋಷವೂ ಇಲ್ಲ.

ಮಂಜಾಯ್‌ನಲ್ಲಿ ಪೆದ್ದು ಮಾತಾಡಿದವನ ತಲೆಗೆ ಜೊತೆಗಾರ ಮೊಟಕುವುದು ಹಳೆಯ ಪದ್ಧತಿ. ಏಟು ಬಿತ್ತು, ಜನ ನಕ್ಕರು, ಮಾತು ಮುಂದುವರಿಯಿತು. ಏಟಿನ ಕಾಲಮಾನ ಕಿತಾನೊ ಅವರಿಗೆ ರಕ್ತಗತ. ‘ವಯೊಲೆಂಟ್ ಕಾಪ್’ನಲ್ಲಿ ಅಜುಮಾ ಮಾದಕವಸ್ತು ಮಾರುವವನೊಬ್ಬನನ್ನು ಶೌಚಾಲಯದಲ್ಲಿ ನಿಲ್ಲಿಸಿ ಬಾಯಿ ಬಿಡಿಸಲು ಕೆನ್ನೆಗೆ ಹೊಡೆಯುತ್ತಾನೆ. ಮೊದಲ ಏಟುಗಳಿಗೆ ನಗು ಬಂದರೂ ಬಂದೀತು. ಏಟುಗಳು ಮುಂದುವರಿಯುತ್ತವೆ, ಅದೇ ಸದ್ದು, ಅದೇ ಅಂತರ, ಅದೇ ಭಾವವಿಲ್ಲದ ಮುಖ. ನಗೆಗೆ ಎಲ್ಲಿ ನಿಲ್ಲಬೇಕು ಎಂದು ಚೆನ್ನಾಗಿ ಬಲ್ಲ ಕಲಾವಿದ ಅಲ್ಲಿ ನಿಲ್ಲದೆ ದಾಟಿ ಹೋಗುತ್ತಾನೆ, ಆಗ ನಮಗೆ ಭಯವಾಗುತ್ತದೆ. ಟೈಮಿಂಗ್ ಹಾಸ್ಯನಟನದೇ. ವೇದಿಕೆಯ ಮೇಲೆ ಅರಳು ಹುರಿದಂತೆ ಮಾತನಾಡುತ್ತಿದ್ದವರು ಇಲ್ಲಿ ಮಾತನ್ನು ಬಹುಪಾಲು ಬಿಟ್ಟುಕೊಟ್ಟರು, ಕಾಲದ ಲೆಕ್ಕವನ್ನು ಉಳಿಸಿಕೊಂಡರು. 1997ರಲ್ಲಿ ವೆನಿಸ್ ಚಿತ್ರೋತ್ಸವದ ಗೋಲ್ಡನ್ ಲಯನ್ ಪಡೆದ ಅವರ ‘ಹನಾ-ಬಿ’ಯಲ್ಲಿಯೂ, ಕೆಲಸ ಬಿಟ್ಟ ಪೊಲೀಸನ ಪಾತ್ರದಲ್ಲಿ, ಇದೇ ಲೆಕ್ಕ ಇನ್ನಷ್ಟು ಮಾಗಿದ ರೂಪದಲ್ಲಿದೆ.

ಜಾಕಿ ಚಾನ್ ಅವರ ಮಾತನ್ನೂ ಸಂಕ್ಷೇಪವಾಗಿ ಹೇಳಬೇಕು. 1985ರ ‘ಪೊಲೀಸ್ ಸ್ಟೋರಿ’ಯಲ್ಲಿ ಮಾಲ್‌ನ ಕಂಬ ಹಿಡಿದು ಜಾರಿ ಕೈ ಸುಟ್ಟುಕೊಂಡವರು ಅವರು, ನೋವು ಅವರ ಹಾಸ್ಯದ ಭಾಗವಾಗಿಯೇ ಇತ್ತು. 2004ರ ‘ನ್ಯೂ ಪೊಲೀಸ್ ಸ್ಟೋರಿ’ ಆ ನೋವು ನಮ್ಮ ಮನಸ್ಸಿಗೆ ಇಳಿಯಲು ಸಮಯ ಕೊಟ್ಟಿತು, ತನ್ನ ತಂಡದವರನ್ನು ಕಳೆದುಕೊಂಡು ಕುಡಿತಕ್ಕೆ ಬಿದ್ದ ಅಧಿಕಾರಿಯನ್ನಾಗಿ ಅವರನ್ನು ತೋರಿಸಿತು. ಮಲಯಾಳದ ಸೂರಜ್ ವೆಂಞಾರಮೂಡ್ ಮಿಮಿಕ್ರಿಯಿಂದ ಬಂದವರು. 2013ರ ಸಾಲಿನ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯನ್ನು ‘ಪೇರರಿಯಾತ್ತವರ್’ ಚಿತ್ರಕ್ಕಾಗಿ ಹಂಚಿಕೊಂಡ ಮೇಲೂ ಜನಸಾಮಾನ್ಯರಿಗೆ ಅವರು ಹಾಸ್ಯನಟರೇ ಆಗಿದ್ದರು. ‘ಆ್ಯಕ್ಷನ್ ಹೀರೊ ಬಿಜು’ (2016) ಚಿತ್ರದಲ್ಲಿ ಸಂಸಾರ ಒಡೆದ ಗಂಡಸಾಗಿ ಠಾಣೆಯ ಮೇಜಿನ ಈಚೆ ಬಂದು ನಿಂತ ಚಿಕ್ಕ ಪಾತ್ರದಿಂದ ಆ ಎಣಿಕೆ ಬದಲಾಯಿತು. ‘ಜನ ಗಣ ಮನ’ (2022)ದಲ್ಲಿ ಎಸಿಪಿ ಆಗಿ ಅವರು ಬಂದಾಗ ಯಾರೂ ನಗಲಿಲ್ಲ. ಆ ಹೊತ್ತಿಗೆ ಪ್ರೇಕ್ಷಕರು ಅವರ ಅಳುವನ್ನು ನೋಡಿಯಾಗಿತ್ತು.

ಕನ್ನಡದಲ್ಲಿ ಇಂಥ ನಟರಿದ್ದಾರೆಯೇ ಎಂಬ ಅನುಮಾನ ನಿಮ್ಮ ನಿರ್ಮಾಪಕರಿಗಿದ್ದರೆ, ಸಂದೀಪ್ ಸುಂಕದ್ ನಿರ್ದೇಶನದ ‘ಶಾಖಾಹಾರಿ’ (2024)ಯನ್ನು ತೋರಿಸಿ. ರಂಗಾಯಣ ರಘು ಅವರನ್ನು ಏರುದನಿಯ, ಪಟಪಟನೆ ಮಾತು ಉದುರಿಸುವ ಪಾತ್ರಗಳಲ್ಲಿ ನೋಡಿ ಅಭ್ಯಾಸವಾದವರಿಗೆ, ಮಲೆನಾಡಿನ ಹೋಟೆಲ್ಲೊಂದರಲ್ಲಿ ಒಲೆಯ ಮುಂದೆ ನಿಂತ ಆ ಸುಬ್ಬಣ್ಣ ಅಚ್ಚರಿ ಹುಟ್ಟಿಸುತ್ತಾನೆ. ಅವರು ಅಲ್ಲಿ ದನಿಯನ್ನು ತಗ್ಗಿಸಿದ್ದಾರೆ, ಕೈಗಳಿಗೆ ಕೆಲಸ ಕೊಟ್ಟಿದ್ದಾರೆ. ಎದುರಿಗೆ ಪೊಲೀಸ್ ಅಧಿಕಾರಿಯಾಗಿ ಗೋಪಾಲಕೃಷ್ಣ ದೇಶಪಾಂಡೆ ಇದ್ದಾರೆ. ಇಬ್ಬರ ನಡುವಿನ ದೃಶ್ಯಗಳಲ್ಲಿ ಯಾರೂ ಧ್ವನಿ ಏರಿಸದಿದ್ದರೂ ಉಸಿರು ಬಿಗಿಹಿಡಿಯಬೇಕಾಗುತ್ತದೆ. ರಂಗಭೂಮಿಯ ಪಳಗಿದ ನಟರಿಗೆ ಇದು ಹೊಸತಲ್ಲ. ನಮ್ಮ ಚಿತ್ರಗಳು ಅವರಿಂದ ಕೇಳಿರಲಿಲ್ಲ, ಅಷ್ಟೆ.

ಈಗ ನಿಮ್ಮ ಚಿತ್ರದ ವಿಷಯ. ಮೊದಲು ನಿಮ್ಮ ನಟರ ನಾಲ್ಕೈದು ಪ್ರಸಿದ್ಧ ಹಾಸ್ಯ ದೃಶ್ಯಗಳನ್ನು ಇಟ್ಟುಕೊಂಡು, ಅವರು ನಗಿಸುವುದು ಯಾವುದರಿಂದ ಎಂದು ಪತ್ತೆ ಮಾಡಿ. ಹೆದರಿಕೆಯನ್ನು ಮುಚ್ಚಿಕೊಳ್ಳುವ ಪ್ರಯತ್ನದಿಂದಲೇ, ಎಲ್ಲ ಗೊತ್ತೆಂಬ ಜಂಬದಿಂದಲೇ, ಸುಳ್ಳು ಹೇಳಿ ಸಿಕ್ಕಿಬೀಳುವುದರಿಂದಲೇ? ಹೆದರಿಕೆಯನ್ನು ಮುಚ್ಚಿಕೊಳ್ಳುವುದೇ ಅವರ ಶಕ್ತಿಯಾಗಿದ್ದರೆ, ನಿಮ್ಮ ಎಸ್‌ಐಗೆ ಊರಿನ ಮೇಲೆ ಹಿಡಿತವಿದೆ ಎಂದು ಬರೆದಿರುವ ದೃಶ್ಯಗಳನ್ನು ತಿರುಗಿ ಬರೆಯಬೇಕಾಗುತ್ತದೆ. ಖಾಕಿ ತೊಟ್ಟವನಿಗೂ ಹೆದರಿಕೆ ಇರುತ್ತದೆ, ಅದನ್ನು ತೋರಿಸಿಕೊಳ್ಳುವ ಹಕ್ಕು ಮಾತ್ರ ಅವನಿಗಿಲ್ಲ. ಆಗ ಅವನು ಹೊಡೆಯುವ ಪ್ರತಿ ಏಟಿನ ಹಿಂದೆ ಆ ಹೆದರಿಕೆ ಕಾಣುತ್ತದೆ, ಹೊಡೆದಾಟಕ್ಕೆ ಅರ್ಥ ಬರುತ್ತದೆ.

ನಾಯಕನ ಪ್ರವೇಶಕ್ಕೆ ಬೂಟು, ಬೆಲ್ಟು, ಲಾಠಿಗಳ ಕ್ಲೋಸಪ್ ಬೇಡ. ಸಂಗೀತ ಏರಿ, ಮುಖ ತಿರುಗಿ, ಅದು ಹಾಸ್ಯನಟನ ಮುಖ ಎಂದು ಗೊತ್ತಾದ ಕ್ಷಣದಲ್ಲಿ ಪ್ರೇಕ್ಷಕ ಅದನ್ನು ಅಣಕವೆಂದೇ ಓದುತ್ತಾನೆ, ಏಕೆಂದರೆ ಈ ಬಗೆಯ ಸುಳ್ಳು ಬಿಲ್ಡಪ್ಪನ್ನು ಹಾಸ್ಯ ದೃಶ್ಯಗಳಲ್ಲಿ ಬೇಕಾದಷ್ಟು ಸಲ ನೋಡಿದ್ದಾನೆ. ಕೆಲಸದ ನಡುವೆ ಅವರನ್ನು ತೋರಿಸಿ. ಠಾಣೆಯಲ್ಲಿ ಅಂಥ ಕೆಲಸಕ್ಕೆ ಬರವಿಲ್ಲ: ಹೆಣದ ಪಕ್ಕ ಕುಳಿತು ಮಹಜರು ಬರೆಸುವುದು, ದೂರು ಕೊಡಲು ಬಂದವರ ತಡವರಿಕೆಯ ಮಾತನ್ನು ಎಫ್‌ಐಆರ್‌ನ ಭಾಷೆಗೆ ತರುವುದು, ರೈಟರ್ ಜೊತೆ ಬಂದೋಬಸ್ತಿನ ಡ್ಯೂಟಿ ಹಂಚುವುದು.

ಸಂಕಲನದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು, ಹೊಸ ನಿರ್ದೇಶಕರು ಹೆಚ್ಚಾಗಿ ಎಡವುವುದು ಇಲ್ಲಿಯೇ. ನಮ್ಮ ಹಾಸ್ಯ ದೃಶ್ಯಗಳ ಕಟ್ಟೋಣ ಹೀಗಿರುತ್ತದೆ: ಹಾಸ್ಯನಟ ಮಾತು ಹೇಳುತ್ತಾನೆ, ಕೂಡಲೇ ಎದುರಿನವನ ಮುಖಕ್ಕೆ ಕಟ್, ಆ ಮುಖದ ಪ್ರತಿಕ್ರಿಯೆಯಿಂದ ನಗು. ಈ ರಿಯಾಕ್ಷನ್ ಶಾಟ್ ನಗಬಹುದು ಎಂದು ಪ್ರೇಕ್ಷಕನಿಗೆ ಕೊಡುವ ಸೂಚನೆ. ಗಂಭೀರ ದೃಶ್ಯದಲ್ಲಿಯೂ ಅದೇ ನಟನ ಮಾತಿನ ಬೆನ್ನಿಗೆ ಅದೇ ವೇಗದಲ್ಲಿ ಕಟ್ ಮಾಡಿದರೆ, ಬರೆದ ಮಾತು ಎಷ್ಟೇ ಭಾರವಾಗಿದ್ದರೂ ಹಳೆಯ ಅಭ್ಯಾಸ ಕೆಲಸ ಮಾಡಿಬಿಡುತ್ತದೆ. ಮಾತು ಮುಗಿದ ಮೇಲೂ ಅವರ ಮುಖದ ಮೇಲೆಯೇ ಉಳಿಯಿರಿ. ಎದುರಿನವರ ಉತ್ತರವನ್ನು ನಾವು ಕೇಳಿಸಿಕೊಂಡರೆ ಸಾಕು, ನೋಡಬೇಕಾಗಿಲ್ಲ. ಇದೇ ಕಾರಣಕ್ಕೆ ನಾಯಕನ ಪಕ್ಕದಲ್ಲಿ ಇನ್ನೊಬ್ಬ ಹಾಸ್ಯನಟನನ್ನು ಕಾಮಿಡಿ ರಿಲೀಫ್ ಎಂದು ಇಡಬೇಡಿ. ಆತ ಒಂದು ಮಾತು ಎಸೆದರೆ, ನಿಮ್ಮ ನಾಯಕ ಅದಕ್ಕೆ ಇನ್ನೊಂದು ಎಸೆಯಲಿ ಎಂದು ಇಡೀ ಚಿತ್ರಮಂದಿರ ಕಾಯುತ್ತದೆ. ಆತ ಸುಮ್ಮನಿದ್ದರೆ ನಿರಾಸೆ, ಉತ್ತರ ಕೊಟ್ಟರೆ ಪಾತ್ರವೇ ಹೋಯಿತು.

ಹೊಡೆದಾಟಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಒಂದೊಂದನ್ನೂ ಉದ್ದವಾಗಿಸಿ. ಹಗ್ಗ ಕಟ್ಟಿ ಎಗರಿಸುವ ಫೈಟಿನಲ್ಲಿ ನಿಮ್ಮ ನಟ ಯಾವ ಮಾಸ್ ನಾಯಕನನ್ನೂ ಮೀರಿಸಲಾರರು. ಏದುಸಿರು ಬಿಡುವ, ಏಟು ತಪ್ಪುವ, ಹೊಡೆದ ಮೇಲೆ ತನ್ನ ಕೈಯೇ ನೋಯುವ ಜಗಳದಲ್ಲಿ ಅವರ ಹಾಸ್ಯದ ಮೈ ಅವರ ನೆರವಿಗೆ ಬರುತ್ತದೆ. ‘ವಿಡುದಲೈ’ಯ ಕೊನೆಯ ಭಾಗದಲ್ಲಿ ಸೂರಿ ಹಳ್ಳಿಯ ಸೂರುಗಳ ಮೇಲೆ ಓಡುವಾಗ ನಮ್ಮನ್ನು ಹಿಡಿದಿಡುವುದು ಅವರ ವೇಗವಲ್ಲ. ಆತ ತಲುಪುವುದು ತಡವಾದರೆ ಶಿಬಿರದಲ್ಲಿರುವ ಹೆಣ್ಣುಮಕ್ಕಳ ಗತಿಯೇನು ಎಂದು ನಮಗೆ ಗೊತ್ತಿದೆ, ಹಾಗಾಗಿ ಒಂದೊಂದು ಮುಗ್ಗರಿಕೆಗೂ ಎದೆ ಹೊಡೆದುಕೊಳ್ಳುತ್ತದೆ.

ಡಬ್ಬಿಂಗ್ ವಿಷಯದಲ್ಲಿ ಒಂದೇ ಮಾತು. ಗಂಭೀರ ಪಾತ್ರವೆಂದು ಅವರ ಧ್ವನಿಯನ್ನು ಗಡಸು ಮಾಡಿಸಬೇಡಿ. ಜನ ಬಲ್ಲ ಧ್ವನಿಯೇ ಇರಲಿ. ಮಾತುಗಳ ನಡುವೆ ಬಿಡುವು ಹೆಚ್ಚಲಿ.

ಇಷ್ಟರ ನಂತರವೂ ನಿರ್ಮಾಪಕರು ಒಪ್ಪದಿದ್ದರೆ, ಚಿತ್ರೀಕರಣಕ್ಕೆ ಮೊದಲು ಒಂದು ಟೆಸ್ಟ್ ಶೂಟ್ ಮಾಡಿ. ಮಹಜರು ಬರೆಸುವ ದೃಶ್ಯವನ್ನೇ ಆರಿಸಿಕೊಳ್ಳಿ: ಪೂರ್ತಿ ಸಮವಸ್ತ್ರ, ಮಾತು ಬಹಳ ಕಡಿಮೆ, ಕಟ್ ಇಲ್ಲದ ಎರಡು ನಿಮಿಷ. ಹಿನ್ನೆಲೆ ಸಂಗೀತ ಹಾಕದೆ, ನಿರ್ಮಾಪಕರನ್ನು ಚಿತ್ರತಂಡಕ್ಕೆ ಸೇರದ ಹತ್ತು ಮಂದಿಯ ಜೊತೆ ಕೂರಿಸಿ ತೋರಿಸಿ. ಮೊದಲ ಕೆಲವು ಕ್ಷಣಗಳಲ್ಲಿ ಯಾರಾದರೂ ನಕ್ಕರೆ ಚಿಂತಿಸಬೇಡಿ, ಅದು ಗುರುತು ಹಿಡಿದ ನಗು. ಎರಡನೆಯ ನಿಮಿಷದಲ್ಲೂ ನಗು ಇದ್ದರೆ ಹೊಡೆದಾಟಗಳ ಖರ್ಚಿಗೆ ಕೈ ಹಾಕದೆ ಚಿತ್ರಕಥೆಗೆ ಮರಳಿ. ಆ ಹೊತ್ತಿಗೆ ನಗು ನಿಂತಿದ್ದರೆ ನಟರ ಡೇಟ್ಸ್ ಪಡೆದುಕೊಳ್ಳಿ.